ಪರಿಸರ ಪೂರ್ವಪರಿಶೀಲನೆ: ಉದ್ಯಮ ಖರೀದಿ ಮತ್ತು ಹೂಡಿಕೆಯಲ್ಲಿ

ಒಂದು ಉದ್ಯಮವನ್ನು ಕೊಳ್ಳುವ, ಅದರಲ್ಲಿ ಬಂಡವಾಳ ತೊಡಗಿಸುವ ಅಥವಾ ಅದಕ್ಕೆ ಸಾಲ ಕೊಡುವ ಮೊದಲು, ಅದು ನಿಂತ ನೆಲ, ಬಳಸುವ ನೀರು, ಬಿಡುವ ಹೊಗೆ, ಉಳಿಸಿದ ತ್ಯಾಜ್ಯ, ಪಡೆದ ಪರವಾನಗಿ ಇವೆಲ್ಲವನ್ನೂ ಕ್ರಮವಾಗಿ ವಿಚಾರಿಸಿ ನೋಡುವ ಕೆಲಸವೇ ಪರಿಸರ ಪೂರ್ವಪರಿಶೀಲನೆ. ವ್ಯವಹಾರ ವಲಯದಲ್ಲಿ ‘ಎನ್ವಿರಾನ್‌ಮೆಂಟಲ್ ಡ್ಯೂ ಡಿಲಿಜೆನ್ಸ್’ ಎಂಬ ಮಾತೇ ರೂಢಿಯಲ್ಲಿದೆ. ಲೆಕ್ಕಪತ್ರ, ತೆರಿಗೆ, ವ್ಯಾಜ್ಯಗಳ ಪರಿಶೀಲನೆಯ ಜೊತೆಗೇ ನಡೆಯುವ ಈ ಕೆಲಸಕ್ಕೆ ಸಾಮಾನ್ಯವಾಗಿ ಸಿಗುವುದು ಕೆಲವೇ ವಾರಗಳು. ಹುಡುಕಬೇಕಾದದ್ದು ಮಾತ್ರ ಹಲವು ದಶಕಗಳ ಹಿಂದಿನದು.

ಕರ್ನಾಟಕದಲ್ಲಿ ಜಮೀನು ಕೊಳ್ಳುವವರು ಉಪನೋಂದಣಿ ಕಚೇರಿಯಿಂದ ‘ಇ.ಸಿ.’ ತೆಗೆಸಿ ನೋಡುತ್ತಾರೆ. ಅದು ಋಣಭಾರ ಪತ್ರ. ಆಸ್ತಿಯ ಮೇಲೆ ಯಾವ ಅಡಮಾನ, ಯಾವ ವರ್ಗಾವಣೆ ಇದೆ ಎಂದು ಹೇಳುವ ಕಾಗದ. ಕಾರ್ಖಾನೆ ನಡೆಸುವವರ ಬಾಯಲ್ಲಿ ಅದೇ ‘ಇ.ಸಿ.’ಗೆ ಬೇರೆ ಅರ್ಥ: ಕೇಂದ್ರ ಸರ್ಕಾರ ಅಥವಾ ರಾಜ್ಯಮಟ್ಟದ ಪ್ರಾಧಿಕಾರ ಕೊಡುವ ಪರಿಸರ ಅನುಮತಿ. ಈ ಎರಡೂ ಇ.ಸಿ.ಗಳು ಸರಿಯಾಗಿರುವ ಜಾಗದಲ್ಲೂ ಮಣ್ಣಿನಡಿ ಮೂರನೆಯ ಒಂದು ಋಣ ಹೂತಿರಬಹುದು. ಅದಕ್ಕೆ ಯಾವ ಕಚೇರಿಯ ಮೊಹರೂ ಇಲ್ಲ. ಪಕ್ಕದ ಊರಿನ ಕೊಳವೆಬಾವಿಯ ನೀರಿನಲ್ಲಿ, ಹಳೆಯ ಕಾರ್ಮಿಕರ ಮೈಯಲ್ಲಿ ಅದು ಬರೆದಿರುತ್ತದೆ. ಆ ಬರಹವನ್ನು ಓದಲು ಗೊತ್ತಿಲ್ಲದವರು ಮಾಡಿದ ಪರಿಶೀಲನೆ ಎಷ್ಟೇ ದಪ್ಪನೆಯ ವರದಿಯಾಗಿ ಬಂದರೂ ಪ್ರಯೋಜನವಿಲ್ಲ.

ಒಂದು ಡಾಲರಿನ ಕ್ರಯಪತ್ರ

ಈ ಪದ್ಧತಿಯ ಹುಟ್ಟನ್ನು ಹುಡುಕಿದರೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ಪಟ್ಟಣಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಅರ್ಧಕ್ಕೇ ನಿಂತಿದ್ದ ಲವ್ ಕೆನಾಲ್ ಎಂಬ ಹಳೆಯ ಕಾಲುವೆಗೆ ಹೂಕರ್ ಕೆಮಿಕಲ್ ಕಂಪನಿ 1942ರಿಂದ ಸುಮಾರು ಹತ್ತು ವರ್ಷ ರಾಸಾಯನಿಕ ತ್ಯಾಜ್ಯ ಸುರಿಯಿತು. ಒಟ್ಟು ಪ್ರಮಾಣ ಸುಮಾರು 21,000 ಟನ್. 1953ರಲ್ಲಿ ಮೇಲೆ ಮಣ್ಣು ಮುಚ್ಚಿ, ಜಾಗವನ್ನು ಊರಿನ ಶಿಕ್ಷಣ ಮಂಡಳಿಗೆ 1 ಡಾಲರಿಗೆ ಬರೆದುಕೊಟ್ಟಿತು. ಕೆಳಗೆ ರಾಸಾಯನಿಕಗಳಿವೆ, ಮುಂದೆ ಏನಾದರೂ ಆದರೆ ನಮ್ಮನ್ನು ಕೇಳುವಂತಿಲ್ಲ ಎಂಬ ಷರತ್ತು ಆ ಕ್ರಯಪತ್ರದಲ್ಲೇ ಇತ್ತು. ಮಂಡಳಿ ಅಲ್ಲಿ ಶಾಲೆ ಕಟ್ಟಿತು, ಸುತ್ತ ಮನೆಗಳೆದ್ದವು. 1970ರ ದಶಕದಲ್ಲಿ ನೆಲಮಾಳಿಗೆಗಳ ಗೋಡೆಯಿಂದ ಬಣ್ಣಬಣ್ಣದ ದ್ರವ ಒಸರತೊಡಗಿತು. 1978ರ ಆಗಸ್ಟಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಲ್ಲಿ ತುರ್ತುಪರಿಸ್ಥಿತಿ ಘೋಷಿಸಿದರು. ಸಾವಿರಾರು ಜನ ಮನೆ ಬಿಟ್ಟರು.

ಉದ್ಯಮ ಖರೀದಿಯ ದೃಷ್ಟಿಯಿಂದ ಈ ಕಥೆಯಲ್ಲಿ ಹೆಚ್ಚು ಗಮನಿಸಬೇಕಾದದ್ದು ನಡುವಿನ ಒಂದು ವರ್ಷ. 1968ರಲ್ಲಿ ಆಕ್ಸಿಡೆಂಟಲ್ ಪೆಟ್ರೋಲಿಯಂ ಕಂಪನಿ ಹೂಕರ್ ಅನ್ನು ಕೊಂಡಿತು. ಆ ಹೊತ್ತಿಗೆ ಕಾಲುವೆಯ ಜಾಗ ಹೂಕರ್ ಕೈಬಿಟ್ಟು 15 ವರ್ಷಗಳಾಗಿದ್ದವು. ಆಸ್ತಿ ಪಟ್ಟಿಯಲ್ಲಿ ಅದರ ಹೆಸರು ಇರಲು ಕಾರಣವೇ ಇಲ್ಲ. ಆದರೂ 1995ರಲ್ಲಿ ಶುದ್ಧೀಕರಣದ ಬಾಬ್ತು ಕೇಂದ್ರ ಸರ್ಕಾರಕ್ಕೆ 12.9 ಕೋಟಿ ಡಾಲರ್ ಕೊಡಲು ಒಪ್ಪಬೇಕಾದದ್ದು ಆಕ್ಸಿಡೆಂಟಲ್. ಮಾಲಿನ್ಯದ ಋಣ ಎರಡು ದಾರಿಯಲ್ಲಿ ನಡೆಯುತ್ತದೆ. ಒಂದು ನೆಲದ ಜೊತೆ ಹೋಗುತ್ತದೆ, ಇನ್ನೊಂದು ಕಂಪನಿಯ ಜೊತೆ. ಕಂಪನಿ ಮಾರಿಬಿಟ್ಟ ನೆಲವನ್ನೂ ಹುಡುಕಬೇಕು ಎಂಬ ನಿಯಮ ಇಂದಿಗೂ ಎಷ್ಟೋ ಪರಿಶೀಲನೆಗಳಲ್ಲಿ ಮರೆತುಹೋಗುತ್ತದೆ.

ಲವ್ ಕೆನಾಲ್‌ನ ಬೆನ್ನಿಗೇ 1980ರ ಡಿಸೆಂಬರಿನಲ್ಲಿ ಅಮೆರಿಕ ‘ಸೂಪರ್‌ಫಂಡ್’ ಎಂದು ಹೆಸರಾದ ಕಾಯಿದೆ ಮಾಡಿತು. ಕಲುಷಿತ ನೆಲದ ಈಗಿನ ಮಾಲೀಕ, ಹಿಂದಿನ ಮಾಲೀಕ, ತ್ಯಾಜ್ಯ ಹುಟ್ಟಿಸಿದವ, ಸಾಗಿಸಿದವ, ಯಾರನ್ನು ಬೇಕಾದರೂ ಪೂರ್ತಿ ಖರ್ಚಿಗೆ ಹೊಣೆ ಮಾಡುವ ಅಧಿಕಾರ ಅದರಿಂದ ಬಂತು. ತಪ್ಪು ಮಾಡಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ; ಕಾಯಿದೆ ಬರುವ ಮೊದಲಿನ ಕೆಲಸಕ್ಕೂ ಹೊಣೆ ತಗಲುತ್ತದೆ. ಕೊಳ್ಳುವವರು ಬೆಚ್ಚಿಬಿದ್ದದ್ದು ಆಗ. 1986ರ ತಿದ್ದುಪಡಿ ಅವರಿಗೆ ಒಂದು ಕಿಂಡಿ ತೆರೆಯಿತು: ಕೊಳ್ಳುವ ಮೊದಲು ತಕ್ಕ ವಿಚಾರಣೆಯನ್ನೆಲ್ಲ ಮಾಡಿಯೂ ಮಾಲಿನ್ಯ ಗೊತ್ತಾಗಿರದಿದ್ದರೆ ರಕ್ಷಣೆ ಉಂಟು. ತಕ್ಕ ವಿಚಾರಣೆ ಎಂದರೆ ಯಾವುದು ಎಂಬ ಪ್ರಶ್ನೆಗೆ ಉತ್ತರವಾಗಿ 1993ರಲ್ಲಿ ಎಎಸ್‌ಟಿಎಂ ಸಂಸ್ಥೆ ‘ಇ1527’ ಎಂಬ ಮಾನಕ ಹೊರತಂದಿತು. ಅದರ ಈಗಿನ ರೂಪ 2021ರದು. 2002ರ ಇನ್ನೊಂದು ಕಾಯಿದೆ, ಮಾಲಿನ್ಯ ಇದೆ ಎಂದು ಗೊತ್ತಿದ್ದೇ ಕೊಳ್ಳುವ ಪ್ರಾಮಾಣಿಕ ಖರೀದಿದಾರನಿಗೂ ಷರತ್ತಿನ ರಕ್ಷಣೆ ಕೊಟ್ಟಿತು. ಬಿಟ್ಟುಹೋದ ಹಳೆಯ ಕೈಗಾರಿಕಾ ಜಾಗಗಳು ಅಮೆರಿಕದಲ್ಲಿ 4,50,000ಕ್ಕೂ ಹೆಚ್ಚು ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಯಾರೂ ಕೊಳ್ಳದೆ ಹೋದರೆ ಅವು ಹಾಗೆಯೇ ಕೊಳೆಯುತ್ತವೆ ಎಂಬ ಆತಂಕ ಈ ಸಡಿಲಿಕೆಯ ಹಿಂದೆ ಇತ್ತು.

ಸಾಲ ಕೊಡುವವರ ಕಡೆಯಿಂದಲೂ ಒತ್ತಡ ಬಂತು. 2003ರಲ್ಲಿ ಹತ್ತು ಬ್ಯಾಂಕುಗಳು ಪರಿಸರದ ಅಪಾಯ ನೋಡಿಯೇ ಸಾಲ ಕೊಡುವ ‘ಈಕ್ವೇಟರ್ ತತ್ತ್ವ’ಗಳಿಗೆ ಸಹಿ ಹಾಕಿದವು, ಅಂತರರಾಷ್ಟ್ರೀಯ ಹಣಕಾಸು ನಿಗಮದ ಕಾರ್ಯನಿರ್ವಹಣಾ ಮಾನಕಗಳು 2006ರಲ್ಲಿ ಬಂದು 2012ರಲ್ಲಿ ಪರಿಷ್ಕಾರಗೊಂಡವು. ವಿದೇಶಿ ಬಂಡವಾಳ ಬರುವ ಭಾರತೀಯ ಯೋಜನೆಗಳಲ್ಲಿ ಇಂದು ಹೆಚ್ಚಾಗಿ ಬಳಕೆಯಾಗುವ ಅಳತೆಗೋಲು ಈ ಮಾನಕಗಳೇ.

ನೋಡುವ ಕ್ರಮ

ಕೆಲಸವನ್ನು ಹಂತಗಳಾಗಿ ವಿಂಗಡಿಸುವುದು ವಾಡಿಕೆ. ಮೊದಲ ಹಂತದಲ್ಲಿ, ಅಂದರೆ ಫೇಸ್ ಒನ್‌ನಲ್ಲಿ, ಮಣ್ಣು ಅಗೆಯುವುದಿಲ್ಲ. ದಾಖಲೆ ಓದುವುದು, ಜಾಗ ಸುತ್ತುವುದು, ಜನರನ್ನು ಮಾತಾಡಿಸುವುದು ಇಷ್ಟೇ. ಅನುಮಾನ ಬಂದರೆ ಎರಡನೆಯ ಹಂತ: ಬೋರು ಕೊರೆದು ಮಣ್ಣು, ಅಂತರ್ಜಲದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು. ಮೂರನೆಯದು ಮಾಲಿನ್ಯದ ಹರವು ಅಳೆದು ಶುದ್ಧೀಕರಣದ ದಾರಿ, ಖರ್ಚು ಲೆಕ್ಕ ಹಾಕುವುದು. ಅಮೆರಿಕದ ನಿಯಮದ ಪ್ರಕಾರ ಮೊದಲ ಹಂತದ ಸಂದರ್ಶನ, ಸ್ಥಳಭೇಟಿ, ಸರ್ಕಾರಿ ದಾಖಲೆಗಳ ತಪಾಸಣೆ, ಆಸ್ತಿಯ ಮೇಲೆ ಶುದ್ಧೀಕರಣದ ಬಾಕಿ ಇದೆಯೇ ಎಂಬ ಹುಡುಕಾಟ ಇವು ಖರೀದಿಗೆ ಮುಂಚಿನ 180 ದಿನಗಳೊಳಗೆ ನಡೆದಿರಬೇಕು. ಅಲ್ಲಿ ಸರ್ಕಾರ ಮಾಡಿದ ಶುದ್ಧೀಕರಣದ ಖರ್ಚು ಆಸ್ತಿಯ ಋಣಭಾರವಾಗಿ ನಿಲ್ಲಬಲ್ಲದು.

ಭಾರತದಲ್ಲಿ ಈ ಮಾನಕವನ್ನೇ ಎರವಲು ತಂದು ಬಳಸುತ್ತಾರೆ. ಆದರೆ ಅದು ನೆಚ್ಚಿಕೊಂಡಿರುವ ದಾಖಲೆಗಳು, ಅಂದರೆ ಹಳೆಯ ಅಗ್ನಿವಿಮಾ ನಕ್ಷೆ, ಕಲುಷಿತ ಜಾಗಗಳ ಗಣಕೀಕೃತ ಪಟ್ಟಿ, ನೆಲದಡಿಯ ತೈಲ ಟ್ಯಾಂಕುಗಳ ನೋಂದಣಿ ಮುಂತಾದವು ಇಲ್ಲಿ ಆ ರೂಪದಲ್ಲಿ ಸಿಗುವುದಿಲ್ಲ. ಹಾಗಾಗಿ ನಮ್ಮ ಪರಿಶೀಲಕ ಬೇರೆ ಕಣ್ಣು ಬೆಳೆಸಿಕೊಳ್ಳಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೊಶೀಟ್, ಗ್ರಾಮ ನಕ್ಷೆ, ಪಹಣಿಯಲ್ಲಿ ಕಾಣುವ ಖರಾಬಿನ ವಿವರ, ಉಪಗ್ರಹ ಚಿತ್ರಗಳನ್ನು ವರ್ಷವರ್ಷ ಹಿಂದಕ್ಕೆ ಸರಿಸಿ ನೋಡುವುದು, ಇವು ಅವನ ಮೊದಲ ಆಸರೆ.

ಕಾಗದದಲ್ಲೇ ಬಹಳಷ್ಟು ಸತ್ಯ ಸಿಗುತ್ತದೆ, ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರ್ಯಾಚರಣಾ ಸಮ್ಮತಿ ಪತ್ರದಲ್ಲಿ, ಅಂದರೆ ಸಿಎಫ್‌ಒದಲ್ಲಿ, ಯಾವ ವಸ್ತು ತಿಂಗಳಿಗೆ ಎಷ್ಟು ತಯಾರಿಸಬಹುದು ಎಂದು ಬರೆದಿರುತ್ತದೆ. ಜಿಎಸ್‌ಟಿ ಬಿಲ್ಲುಗಳಲ್ಲಿ ಎಷ್ಟು ಮಾರಿದರು ಎಂದಿರುತ್ತದೆ. ಎರಡನೆಯ ಅಂಕಿ ಮೊದಲನೆಯದನ್ನು ಮೀರಿದ್ದರೆ, ಆ ಕಾರ್ಖಾನೆಯ ಲಾಭದ ಒಂದು ಪಾಲು ಅನುಮತಿಯಿಲ್ಲದ ಉತ್ಪಾದನೆಯದು. ಖರೀದಿಯ ಬೆಲೆ ನಿಗದಿಯಾಗುವುದು ಅದೇ ಲಾಭದ ಮೇಲೆ. ಹಾಗೆಯೇ ಟ್ಯಾಂಕರ್ ನೀರಿನ ಬಿಲ್ಲು, ಕೊಳವೆಬಾವಿಯ ಮೀಟರು, ತ್ಯಾಜ್ಯನೀರಿನ ಶುದ್ಧೀಕರಣ ಘಟಕವಾದ ಇಟಿಪಿಯ ಲಾಗ್‌ಬುಕ್ಕು, ಇಟಿಪಿಯ ಪ್ರತ್ಯೇಕ ವಿದ್ಯುತ್ ಮೀಟರು ಇವುಗಳನ್ನು ತಾಳೆ ನೋಡಬೇಕು. ಒಳಬಂದ ನೀರು ಎಲ್ಲಿ ಹೋಯಿತು ಎಂಬ ಲೆಕ್ಕ ಕೂಡದಿದ್ದರೆ ಹಿಂಬದಿಯ ಗೋಡೆಯ ಆಚೆ ಒಂದು ಪೈಪು ಇರುವ ಸಾಧ್ಯತೆ ಹೆಚ್ಚು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ವರ್ಷದ ಲೆಕ್ಕ ನಮೂನೆ 4ರಲ್ಲಿ, ಸಾಗಣೆಯ ಲೆಕ್ಕ ನಮೂನೆ 10ರಲ್ಲಿ ಇರಬೇಕು. ಹತ್ತು ವರ್ಷ ನಡೆದ ಕಾರ್ಖಾನೆಯಲ್ಲಿ ಮೂರು ವರ್ಷದ ನಮೂನೆಗಳು ಮಾತ್ರ ಸಿಕ್ಕರೆ ಉಳಿದ ಏಳು ವರ್ಷದ ಕೆಸರು ಎಲ್ಲಿದೆ ಎಂದು ಕೇಳುವ ಧೈರ್ಯ ಬೇಕು.

ಸ್ಥಳಭೇಟಿಯಲ್ಲಿ ಮಾಲೀಕರ ಕಡೆಯವರು ತೋರಿಸುವ ದಾರಿಯಲ್ಲೇ ನಡೆದರೆ ಸುಣ್ಣ ಬಳಿದ ಕಾಂಪೌಂಡು, ಹೂಕುಂಡ ಕಾಣುತ್ತವೆ. ಹುಲ್ಲು ಬೆಳೆಯದ ತೇಪೆ, ಎಣ್ಣೆ ಹೀರಿ ಕಪ್ಪಾದ ನೆಲ, ಮುಚ್ಚಿದ ಹಳೆಯ ಗುಂಡಿಯ ಕುಸಿತ, ಟ್ರಾನ್ಸ್‌ಫಾರ್ಮರಿನ ಬುಡ, ಮಳೆನೀರು ಹೊರಹೋಗುವ ಚರಂಡಿ ಇವನ್ನು ತಾನಾಗಿ ಹುಡುಕಿಕೊಂಡು ಹೋಗಬೇಕು. ನಿವೃತ್ತ ಫೋರ್‌ಮನ್, ಗೇಟಿನ ಎದುರಿನ ಟೀ ಅಂಗಡಿ, ಕೆಳಬದಿಯ ಹೊಲದ ರೈತ ಇವರ ಮಾತಿಗೆ ವರದಿಯಲ್ಲಿ ಜಾಗ ಇರಬೇಕು. ಗುಜರಿ ಅಂಗಡಿಗೂ ಒಮ್ಮೆ ಹೋಗಿ ಬರುವುದು ಒಳ್ಳೆಯದು. ಅದಕ್ಕೆ ಕಾರಣ ಕೊಡೈಕೆನಾಲ್.

ಕೈಬದಲಾದ ಕಾರ್ಖಾನೆಗಳು

ಅಮೆರಿಕದ ವಾಟರ್‌ಟೌನ್ ಪಟ್ಟಣದಲ್ಲಿ ಚೀಸ್‌ಬ್ರೋ-ಪಾಂಡ್ಸ್ ಕಂಪನಿಯ ಪಾದರಸದ ಥರ್ಮಾಮೀಟರ್ ಕಾರ್ಖಾನೆಯೊಂದಿತ್ತು. 1980ರ ದಶಕದ ಆರಂಭದಲ್ಲಿ ಅದರ ಯಂತ್ರಗಳು ತಮಿಳುನಾಡಿನ ಕೊಡೈಕೆನಾಲ್‌ಗೆ ಬಂದವು. ಪಾಂಡ್ಸ್ ಇಂಡಿಯಾ ಅಲ್ಲಿ ಉತ್ಪಾದನೆ ಶುರುಮಾಡಿತು. ಅದೇ ದಶಕದ ಉತ್ತರಾರ್ಧದಲ್ಲಿ ಯೂನಿಲಿವರ್ ಇಡೀ ಚೀಸ್‌ಬ್ರೋ-ಪಾಂಡ್ಸ್ ಅನ್ನು ಕೊಂಡಿತು. 1998ರಲ್ಲಿ ಪಾಂಡ್ಸ್ ಇಂಡಿಯಾ ಹಿಂದೂಸ್ತಾನ್ ಲಿವರ್‌ನಲ್ಲಿ ವಿಲೀನವಾದಾಗ ಕಾರ್ಖಾನೆಯೂ ಅದಕ್ಕೆ ಬಂತು. ಕ್ರೀಮು, ಪೌಡರು, ವ್ಯಾಸಲೀನ್‌ಗಳ ದೊಡ್ಡ ವ್ಯವಹಾರದಲ್ಲಿ ಬೆಟ್ಟದ ಮೇಲಿನ ಈ ಥರ್ಮಾಮೀಟರ್ ಘಟಕ ಒಂದು ಸಣ್ಣ ಬಾಲ.

2001ರ ಮಾರ್ಚಿನಲ್ಲಿ ಊರಿನ ಗುಜರಿಯೊಂದರಲ್ಲಿ ಪಾದರಸ ಅಂಟಿದ ಗಾಜಿನ ಚೂರುಗಳ ಮೂಟೆಗಳು ಪತ್ತೆಯಾದವು. ಊರಿನವರು, ಹಳೆಯ ಕಾರ್ಮಿಕರು, ಪರಿಸರ ಕಾರ್ಯಕರ್ತರು ಸೇರಿ ಪ್ರತಿಭಟಿಸಿದರು, ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ವಾಪಸು ಕಳಿಸಲಾಯಿತು. ಮಾಜಿ ಕಾರ್ಮಿಕರ ಹೋರಾಟ 15 ವರ್ಷ ಎಳೆಯಿತು. 2016ರ ಮಾರ್ಚಿನಲ್ಲಿ 591 ಮಂದಿ ಮಾಜಿ ಕಾರ್ಮಿಕರೊಡನೆ ಕಂಪನಿ ಒಪ್ಪಂದಕ್ಕೆ ಬಂತು. ಮಣ್ಣನ್ನು ಯಾವ ಮಟ್ಟಕ್ಕೆ ಶುದ್ಧ ಮಾಡಬೇಕು ಎಂಬ ವಾದ ಆಮೇಲೂ ನಡೆಯಿತು. ಇಡೀ ಕಥೆಯಲ್ಲಿ ಪಾದರಸದ ಬೆಲೆ, ಕಾರ್ಖಾನೆಯ ಬೆಲೆ ಲೆಕ್ಕಕ್ಕೇ ಬಾರದಷ್ಟು ಸಣ್ಣವು. ಖರೀದಿಯ ಮೊತ್ತದಲ್ಲಿ ಸಣ್ಣದಾಗಿ ಕಾಣುವ ಘಟಕ ಪರಿಶೀಲನೆಯಲ್ಲೂ ಸಣ್ಣದೇ ಎಂದು ಬಗೆಯುವುದು ಈ ವೃತ್ತಿಯ ದೊಡ್ಡ ತಪ್ಪು.

ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂನ ಪಾಲಿಸ್ಟೈರೀನ್ ಕಾರ್ಖಾನೆಯ ವಂಶಾವಳಿಯೂ ಹೀಗೇ ಉದ್ದ. 1961ರಲ್ಲಿ ಹಿಂದೂಸ್ತಾನ್ ಪಾಲಿಮರ್ಸ್ ಎಂದು ಹುಟ್ಟಿ, 1978ರಲ್ಲಿ ಬೆಂಗಳೂರಿನ ಯುಬಿ ಸಮೂಹದ ಮ್ಯಾಕ್‌ಡೋವೆಲ್ ಕಂಪನಿಯಲ್ಲಿ ವಿಲೀನವಾಗಿ, 1997ರಲ್ಲಿ ಕೊರಿಯಾದ ಎಲ್‌ಜಿ ಕೆಮ್ ಪಾಲಾಯಿತು. ಊರು ಬೆಳೆದು ಬೇಲಿಯವರೆಗೂ ಬಂದಿತ್ತು. ಪರಿಸರ ಅನುಮತಿಯ ನಿಯಮಗಳು ಬರುವ ಮೊದಲೇ ನಿಂತ ಕಾರ್ಖಾನೆಗಳು ಆಮೇಲೆ ಸಾಮರ್ಥ್ಯ ಹೆಚ್ಚಿಸಿಕೊಂಡಾಗ ಅನುಮತಿ ಪಡೆಯಬೇಕು. ಇಲ್ಲಿ ತಯಾರಾಗುತ್ತಿದ್ದ ಪ್ರಮಾಣಕ್ಕೆ ತಕ್ಕ ಅನುಮತಿ ತನ್ನ ಬಳಿ ಇಲ್ಲ ಎಂದು ಕಂಪನಿಯೇ 2019ರ ಮೇ ತಿಂಗಳ ಪ್ರಮಾಣಪತ್ರದಲ್ಲಿ ಒಪ್ಪಿಕೊಂಡಿತ್ತು. ಮರುವರ್ಷ, ಲಾಕ್‌ಡೌನ್ ನಂತರ ಮತ್ತೆ ಶುರುಮಾಡುವ ಹೊತ್ತಿನಲ್ಲಿ, 2020ರ ಮೇ 7ರ ನಸುಕಿಗೆ ಟ್ಯಾಂಕಿನಿಂದ ಸ್ಟೈರೀನ್ ಆವಿ ಸೋರಿ ಹನ್ನೆರಡು ಜನ ಸತ್ತರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮೊದಲ ಹೆಜ್ಜೆಯಾಗಿ 50 ಕೋಟಿ ರೂಪಾಯಿ ಠೇವಣಿ ಇಡಲು ಆದೇಶಿಸಿತು.

ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲ ದುರಂತ ಎಲ್ಲರಿಗೂ ಗೊತ್ತು. 1984ರ ಡಿಸೆಂಬರ್ 2ರ ರಾತ್ರಿಯ ಬಗ್ಗೆ ಇಲ್ಲಿ ವಿವರಿಸಬೇಕಿಲ್ಲ. ಆಮೇಲೆ ಆ ಜಾಗ ಮತ್ತು ಕಂಪನಿ ಕೈಬದಲಾದ ರೀತಿ ಮಾತ್ರ ನಮ್ಮ ವಿಷಯಕ್ಕೆ ಸೇರುತ್ತದೆ. ಯೂನಿಯನ್ ಕಾರ್ಬೈಡ್ 1994ರಲ್ಲಿ ತನ್ನ ಭಾರತೀಯ ಕಂಪನಿಯ 50.9 ಶೇಕಡಾ ಷೇರನ್ನು ಮ್ಯಾಕ್ಲಿಯಡ್ ರಸಲ್‌ಗೆ ಮಾರಿತು. ಆ ಭಾರತೀಯ ಕಂಪನಿಯ ಹೆಸರು ಎವರೆಡಿ ಇಂಡಸ್ಟ್ರೀಸ್ ಆಯಿತು. 1998ರಲ್ಲಿ ಕಾರ್ಖಾನೆಯ ನೆಲ ಮಧ್ಯಪ್ರದೇಶ ಸರ್ಕಾರಕ್ಕೆ ಮರಳಿತು. 2001ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಅನ್ನೇ ಡೌ ಕೆಮಿಕಲ್ ಕೊಂಡಿತು. ಆ ಜಾಗ ಎಂದೂ ನಮ್ಮದಾಗಿರಲಿಲ್ಲ ಎಂಬುದು ಡೌನ ನಿಲುವು. ಹೆಚ್ಚಿನ ಪರಿಹಾರ ಕೋರಿ ಕೇಂದ್ರ ಸಲ್ಲಿಸಿದ್ದ ಕ್ಯುರೇಟಿವ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಮಾರ್ಚಿನಲ್ಲಿ ವಜಾ ಮಾಡಿತು. ಆವರಣದಲ್ಲಿ ಕೂಡಿಟ್ಟಿದ್ದ 337 ಟನ್ ವಿಷತ್ಯಾಜ್ಯ ಪೀಥಂಪುರಕ್ಕೆ ಹೊರಟದ್ದು 2025ರ ಜನವರಿಯಲ್ಲಿ, ದುರಂತವಾಗಿ 40 ವರ್ಷ ಕಳೆದ ಮೇಲೆ. ಕಾಗದದ ಮೇಲೆ ಹೊಣೆಯನ್ನು ಎಷ್ಟು ಚೆನ್ನಾಗಿ ಹಂಚಿಕೊಂಡರೂ, ಹಂಚಿಕೆಗೆ ಸಿಗದೆ ಉಳಿದ ಪಾಲನ್ನು ಹೊತ್ತವರು ಸುತ್ತಲಿನ ಬಸ್ತಿಗಳ ಜನ.

ಋಣವನ್ನು ಬೇಕೆಂದೇ ಬೇರ್ಪಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕರ್-ಮೆಗೀ ಪ್ರಕರಣ ಉತ್ತರ. ತೈಲ, ಯುರೇನಿಯಂ, ಥೋರಿಯಂ, ರಾಕೆಟ್ ಇಂಧನದ ಪರ್‌ಕ್ಲೋರೇಟ್, ಮರಕ್ಕೆ ಬಳಿಯುವ ಕ್ರಿಯೋಸೋಟ್ ಎಂದು ಹಲವು ದಶಕ ವ್ಯವಹಾರ ಮಾಡಿದ್ದ ಆ ಕಂಪನಿ 2005–06ರಲ್ಲಿ ತನ್ನ ಹಳೆಯ ಮಾಲಿನ್ಯದ ಹೊಣೆಗಳನ್ನು ಟ್ರೋನಾಕ್ಸ್ ಎಂಬ ಹೊಸ ಕಂಪನಿಗೆ ಕಟ್ಟಿ ಹೊರಗೆ ಕಳಿಸಿತು. ಕೈಯಲ್ಲುಳಿದ ತೈಲದ ಆಸ್ತಿಯನ್ನು 2006ರಲ್ಲಿ ಅನಡಾರ್ಕೊ ಕೊಂಡಿತು. 2009ರ ಜನವರಿಯಲ್ಲಿ ಟ್ರೋನಾಕ್ಸ್ ದಿವಾಳಿ ಎದ್ದಿತು. ಸಾಲ ಕೊಟ್ಟವರಿಗೆ ವಂಚನೆಯಾಗುವಂತೆ ನಡೆದ ವರ್ಗಾವಣೆ ಇದು ಎಂದು ನ್ಯಾಯಾಲಯ ಕಂಡಿತು. 2014ರ ಏಪ್ರಿಲ್‌ನಲ್ಲಿ ಅನಡಾರ್ಕೊ 515 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರ ಒಂದು ಭಾಗ ನವಾಹೊ ಬುಡಕಟ್ಟಿನ ನೆಲದಲ್ಲಿ ಬಿಟ್ಟುಹೋದ ಯುರೇನಿಯಂ ಗಣಿಗಳ ಶುದ್ಧೀಕರಣಕ್ಕೆ ಮೀಸಲಾಯಿತು.

ಭಾರತದ ಕಾನೂನು

1974ರ ಜಲ ಕಾಯಿದೆ, 1981ರ ವಾಯು ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆ, 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಇವು ಪರಿಶೀಲನೆಯ ನಾಲ್ಕು ಕಂಬಗಳು. ಅರಣ್ಯ, ಕರಾವಳಿ ನಿಯಂತ್ರಣ ವಲಯ, ವನ್ಯಜೀವಿ ಕಾನೂನುಗಳು ಜಾಗಕ್ಕೆ ತಕ್ಕಂತೆ ಸೇರಿಕೊಳ್ಳುತ್ತವೆ. ಕಂಪನಿಯ ಷೇರು ಕೊಂಡರೆ ಪರವಾನಗಿಗಳು ಕಂಪನಿಯ ಹೆಸರಿನಲ್ಲೇ ಉಳಿಯುತ್ತವೆ, ಹಳೆಯ ಹೊಣೆಗಳೂ ಉಳಿಯುತ್ತವೆ. ಕಾರ್ಖಾನೆಯನ್ನಷ್ಟೇ ಕೊಂಡರೆ ಹೊಣೆ ಸ್ವಲ್ಪ ಹಗುರವಾಗಬಹುದು; ಆದರೆ 2006ರ ಅಧಿಸೂಚನೆಯಡಿ ಪರಿಸರ ಅನುಮತಿಯನ್ನು ಹೊಸಬರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು, ಮಂಡಳಿಯ ಸಮ್ಮತಿಗೂ ಹೊಸದಾಗಿ ಅರ್ಜಿ ಹಾಕಬೇಕು. ವಿಲೀನವಾದರೆ ಎಲ್ಲ ಹೊಣೆಯೂ ವಿಲೀನಗೊಂಡ ಕಂಪನಿಗೇ ಬರುತ್ತದೆ.

ಕಾಯಿದೆಗಿಂತ ನ್ಯಾಯಾಲಯಗಳು ಕಟ್ಟಿದ ತತ್ತ್ವಗಳು ಕೊಳ್ಳುವವರಿಗೆ ಹೆಚ್ಚು ಭಾರ. ದಿಲ್ಲಿಯ ಓಲಿಯಂ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ವಭಾವತಃ ಅಪಾಯಕಾರಿಯಾದ ಉದ್ಯಮಕ್ಕೆ ಯಾವ ವಿನಾಯಿತಿಯೂ ಇಲ್ಲದ ಸಂಪೂರ್ಣ ಹೊಣೆ ಹೊರಿಸಿತು. ಉದಯಪುರದ ಬಳಿಯ ಬಿಛ್ರಿ ಹಳ್ಳಿಯಲ್ಲಿ ಎಚ್-ಆಸಿಡ್ ತಯಾರಿಸಿದ್ದು ಅಲ್ಪಕಾಲ, ಪ್ರಮಾಣ ಸುಮಾರು 375 ಟನ್. ಹಿಂದೆ ಉಳಿದ ಕೆಸರು ಸುಮಾರು 2,440 ಟನ್, ಕೆಟ್ಟ ಬಾವಿಗಳು ಹಲವು. 1996ರಲ್ಲಿ ಕೋರ್ಟು ಮಾಲಿನ್ಯ ಮಾಡಿದವನೇ ತೆರಬೇಕು ಎಂಬ ತತ್ತ್ವವನ್ನು ಎತ್ತಿಹಿಡಿದದ್ದು ಈ ಪ್ರಕರಣದಲ್ಲಿ. 2010ರ ಹಸಿರು ನ್ಯಾಯಮಂಡಳಿ ಕಾಯಿದೆ ಈ ತತ್ತ್ವಗಳಿಗೆ ಶಾಸನದ ರೂಪ ಕೊಟ್ಟಿತು. ಸುಪ್ರೀಂ ಕೋರ್ಟಿನ 2020ರ ಅಲೆಂಬಿಕ್ ತೀರ್ಪಿನಲ್ಲಿ, ಅನುಮತಿಯಿಲ್ಲದೆ ನಡೆದು ಆಮೇಲೆ ಅನುಮತಿ ಪಡೆದ ಕಾರ್ಖಾನೆಗಳು ತಲಾ 10 ಕೋಟಿ ರೂಪಾಯಿ ಕೊಡಬೇಕಾಯಿತು.

ದಿವಾಳಿ ಸಂಹಿತೆಯ ಕಲಂ 32ಎ ಮಾತ್ರ ಬೇರೆ ದಿಕ್ಕಿನದು. ದಿವಾಳಿಯಾದ ಕಂಪನಿಯನ್ನು ಸಂಬಂಧವಿಲ್ಲದ ಹೊಸಬರು ಕೊಂಡರೆ ಹಿಂದಿನ ಅಪರಾಧಗಳಿಗೆ ಕಂಪನಿಯ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಕೊಳ್ಳುವವರು ಈ ಕಲಂ ಓದಿ ಸಮಾಧಾನಪಟ್ಟು ಪರಿಶೀಲನೆಯಲ್ಲಿ ಕೈಬಿಗಿ ಹಿಡಿಯುವುದುಂಟು. ಕಲಂ ಮಾತಾಡುವುದು ಅಪರಾಧದ ಬಗ್ಗೆ. ನೆಲಕ್ಕಿಳಿದ ಕ್ರೋಮಿಯಂ ಅದನ್ನು ಓದುವುದಿಲ್ಲ, ಅಂತರ್ಜಲದಲ್ಲಿ ತನ್ನ ಪಾಡಿಗೆ ಸಾಗುತ್ತಿರುತ್ತದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಜಾಗ ಗುರುತಿಸುವುದು, ಹೊಣೆಗಾರರನ್ನು ಪತ್ತೆಹಚ್ಚುವುದು, ಶುದ್ಧೀಕರಣದ ಖರ್ಚು ವಸೂಲಿ ಇವಕ್ಕೆ ಮೊದಲ ಬಾರಿಗೆ ಒಂದು ಚೌಕಟ್ಟು ಬಂದಂತಾಗಿದೆ. ಗಣಿಗಾರಿಕೆ, ವಿಕಿರಣ ತ್ಯಾಜ್ಯ, ಸಮುದ್ರದಲ್ಲಿನ ತೈಲ ಮಾಲಿನ್ಯ ಅದರ ವ್ಯಾಪ್ತಿಯ ಹೊರಗಿವೆ.

ಕರಾರಿನಲ್ಲಿ

ಪರಿಶೀಲನೆಯಲ್ಲಿ ದೋಷ ಸಿಕ್ಕಿತೆಂದು ಖರೀದಿ ನಿಲ್ಲುವುದು ಅಪರೂಪ. ಬೆಲೆ ಇಳಿಸುತ್ತಾರೆ, ಹಣದ ಒಂದು ಭಾಗವನ್ನು ಮೂರನೆಯವರ ಬಳಿಯ ಎಸ್ಕ್ರೊ ಖಾತೆಯಲ್ಲಿ ತಡೆಹಿಡಿಯುತ್ತಾರೆ, ಹಳೆಯ ಮಾಲಿನ್ಯಕ್ಕೆ ಮಾರುವವರೇ ನಷ್ಟ ತುಂಬಿಕೊಡಬೇಕೆಂಬ ಷರತ್ತು ಬರೆಸುತ್ತಾರೆ. ಇಂಥ ಷರತ್ತಿಗೆ ಕೆಲವು ವರ್ಷಗಳ ಗಡುವು ಇಡುವುದು ವಾಡಿಕೆ. ಅಂತರ್ಜಲ ಅಷ್ಟು ಬೇಗ ಬಾಯಿ ಬಿಡುವುದಿಲ್ಲ. ಎರಡನೆಯ ಹಂತಕ್ಕೆ ಬೋರು ಕೊರೆಯಲು ಮಾರುವವರು ಒಪ್ಪದಿರುವುದೂ ಸಾಮಾನ್ಯ: ವ್ಯಾಪಾರ ಮುರಿದರೆ ಗೊತ್ತಾದ ಸತ್ಯ ತಮ್ಮ ತಲೆಯ ಮೇಲೆ ಉಳಿಯುತ್ತದೆ ಎಂಬ ಭಯ. ಇಲ್ಲಿ ಒಂದು ನೋವಿನ ಸಂಗತಿ ಇದೆ. ವರದಿ ಗೋಪ್ಯ ಒಪ್ಪಂದದಡಿ ಇರುತ್ತದೆ. ಕೊಳ್ಳುವವರ ಕೈಯಲ್ಲಿ ಬಾವಿಯ ನೀರಿನ ಫಲಿತಾಂಶ ಇರುವಾಗಲೂ ಆ ಬಾವಿಯ ನೀರು ಕುಡಿಯುವವರಿಗೆ ಅದು ಗೊತ್ತಾಗದೆ ಹೋಗಬಹುದು. ಹೊರಗಿನವರ ಆರೋಗ್ಯಕ್ಕೆ ತಕ್ಷಣದ ಅಪಾಯ ಕಂಡರೆ ತಿಳಿಸಬೇಕು ಎಂಬ ಒಂದು ಸಾಲನ್ನು ಪರಿಶೀಲಕ ತನ್ನ ಕೆಲಸದ ಕರಾರಿನಲ್ಲೇ ಸೇರಿಸಿಕೊಳ್ಳುವುದು ಸಾಧ್ಯ, ಸೇರಿಸಲೇಬೇಕು.

ಹೂಡಿಕೆದಾರರ ಪ್ರಶ್ನೆಗಳೂ ಬದಲಾಗುತ್ತಿವೆ. ಅಮೆರಿಕ 2024ರಲ್ಲಿ ಪಿಎಫ್‌ಒಎ, ಪಿಎಫ್‌ಒಎಸ್ ಎಂಬ ಎರಡು ಫ್ಲೋರಿನ್ ರಾಸಾಯನಿಕಗಳನ್ನು ಸೂಪರ್‌ಫಂಡ್ ಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲಿನ ಎಷ್ಟೋ ವರದಿಗಳಲ್ಲಿ ಇವುಗಳ ಪರೀಕ್ಷೆಯೇ ನಡೆದಿಲ್ಲ. ಭಾರತದಲ್ಲಿ ಷೇರುಪೇಟೆಯ ಮೊದಲ 1,000 ಕಂಪನಿಗಳು ಪರಿಸರ, ಸಾಮಾಜಿಕ ಹೊಣೆಯ ವರದಿ ಕೊಡುವುದನ್ನು ಸೆಬಿ 2022–23ರಿಂದ ಕಡ್ಡಾಯ ಮಾಡಿದೆ.

ಕರ್ನಾಟಕದ ನೆಲದಲ್ಲಿ

ಬೆಂಗಳೂರಿನಲ್ಲಿ ಕಟ್ಟಡ ಉದ್ಯಮಕ್ಕೆ ಹಣ ಹಾಕುವವರು ಮೊದಲು ಕೇಳಬೇಕಾದ ಪ್ರಶ್ನೆ ನೀರಿನದು: ಈ ಜಾಗ ಯಾವ ಕೆರೆಯ ಅಂಗಳ, ಯಾವ ರಾಜಕಾಲುವೆಯ ದಂಡೆ? ಬೆಳ್ಳಂದೂರು–ಅಗರ ಕೆರೆಗಳ ನಡುವಿನ ಯೋಜನೆಗಳ ಪ್ರಕರಣದಲ್ಲಿ ಹಸಿರು ನ್ಯಾಯಮಂಡಳಿ 2015ರಲ್ಲಿ ಒಂದು ನಿರ್ಮಾಣ ಕಂಪನಿಗೆ 117 ಕೋಟಿಗೂ ಹೆಚ್ಚು ಪರಿಹಾರ ವಿಧಿಸಿತು. 2016ರ ಮೇ ತಿಂಗಳಲ್ಲಿ ಕೆರೆಗಳಿಗೆ 75 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 35, 25 ಮೀಟರ್ ಬಫರ್ ಎಂದು ಆದೇಶಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಿದ ಬಫರನ್ನು ರದ್ದುಪಡಿಸಿತು. ಆ ಮೂರು ವರ್ಷಗಳಲ್ಲಿ ಜಾಗದ ಬೆಲೆ, ಬ್ಯಾಂಕಿನ ಸಾಲ, ಮನೆ ಕೊಂಡವರ ಕಂತು ಎಲ್ಲವೂ ಒಂದು ಅಳತೆಯ ಪಟ್ಟಿಗೆ ತೂಗುಬಿದ್ದಿದ್ದವು. ಕೋರ್ಟು ಬಫರನ್ನು ಕಿರಿದು ಮಾಡಬಹುದು; 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಐಟಿ ಕಚೇರಿಗಳಿಗೆ ನುಗ್ಗಿದ ನೀರು ಹಳೆಯ ದಾರಿಯನ್ನೇ ಹುಡುಕಿಕೊಂಡು ಬಂದಿತ್ತು. ಪೀಣ್ಯದ ಕಡೆ ಹಳೆಯ ಶೆಡ್ಡು ಕೊಳ್ಳುವವರಿಗೆ ಪ್ರಶ್ನೆ ಬೇರೆ: ಇಲ್ಲಿ ಹಿಂದೆ ಲೋಹಲೇಪನ, ಅಂದರೆ ಪ್ಲೇಟಿಂಗ್, ನಡೆಯುತ್ತಿತ್ತೇ? ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ.

ಬಳ್ಳಾರಿಯ ಅದಿರು ಗಣಿಗಳಲ್ಲಿ ಮಾತ್ರ ಪರಿಸರದ ಋಣ ಬಹಿರಂಗವಾಗಿಯೇ ಬೆಲೆಯೊಳಗೆ ಸೇರಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅಕ್ರಮ ತೀವ್ರವಾಗಿದ್ದ ಐವತ್ತರಷ್ಟು ಸಿ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಉಳಿದವು ತಮ್ಮ ಗಣಿಗೆ ಸುಧಾರಣೆ ಮತ್ತು ಪುನರ್ವಸತಿ ಯೋಜನೆ ಮಾಡಿಸಿ ಜಾರಿ ಮಾಡಿದ ಮೇಲೆಯೇ ಅದಿರು ತೆಗೆಯಬೇಕು ಎಂದಾಯಿತು. ರದ್ದಾದ ಗಣಿಗಳು ಆಮೇಲೆ ಹರಾಜಿಗೆ ಬಂದವು. ಹರಾಜಿನಲ್ಲಿ ಹಿಡಿದವರು ಅದಿರಿನ ಲೆಕ್ಕದ ಜೊತೆಗೆ ಕುಸಿಯುವ ಮಣ್ಣಿನ ದಿಬ್ಬಗಳನ್ನೂ, ಹೂಳು ತುಂಬಿದ ಹಳ್ಳಗಳನ್ನೂ ಎಣಿಸಬೇಕಾಯಿತು.

ಕೋಲಾರದ ಚಿನ್ನದ ಗಣಿಯಲ್ಲಿ ಆ ಎಣಿಕೆ ಇನ್ನೂ ಮುಗಿದಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಹಿಡಿದ ಗಣಿ 1956ರಲ್ಲಿ ಮೈಸೂರು ರಾಜ್ಯ ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್‌ಗೆ ಬಂತು. 2001ರ ಫೆಬ್ರುವರಿ 28ರಂದು ಮುಚ್ಚಿತು. ಪ್ರತಿ ಸಲ ಕೈಬದಲಾದಾಗಲೂ ಚಿನ್ನದ ಲೆಕ್ಕ ಬರೆದರು. ಅದಿರು ಅರೆದು ಸೈನೈಡಿನಲ್ಲಿ ತೊಳೆದ ಮೇಲೆ ಉಳಿದ ಬೂದು ಪುಡಿ ಮಾತ್ರ ಊರಿನ ನಡುವೆಯೇ ಗುಡ್ಡಗಳಾಗಿ ಬೆಳೆಯಿತು. ಒಟ್ಟು 13 ಗುಡ್ಡ, ಸುಮಾರು 3.3 ಕೋಟಿ ಟನ್. ಇವುಗಳಲ್ಲಿ ಇನ್ನೂ ಸ್ವಲ್ಪ ಚಿನ್ನವಿದೆ ಎಂಬ ಕಾರಣಕ್ಕೆ ಮತ್ತೆ ಸಂಸ್ಕರಿಸುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಮುಂದೆ ಇವನ್ನು ಹಿಡಿಯುವ ಹೂಡಿಕೆದಾರನ ಪರಿಶೀಲಕರು ಟನ್ನಿಗೆ ಎಷ್ಟು ಗ್ರಾಂ ಚಿನ್ನ ಎಂದು ತಿಳಿಯಲು ಗುಡ್ಡದ ನೆತ್ತಿಯಿಂದ ಮಾದರಿ ತೆಗೆಯುತ್ತಾರೆ. ಗುಡ್ಡದ ಬುಡದಲ್ಲಿ, ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳಲ್ಲಿ, ಗಾಳಿ ಬೀಸುವ ದಿನ ಹೆಂಗಸರು ಕುಡಿಯುವ ನೀರಿನ ಕೊಡದ ಬಾಯಿಗೆ ಬಟ್ಟೆ ಕಟ್ಟಬೇಕಾಗುತ್ತದೆ. ಎರಡನೆಯ ಮಾದರಿಯನ್ನು ಆ ಬಟ್ಟೆಯಿಂದ ತೆಗೆಯಬೇಕು.